ಹೊಸ ಫೋನಿಗೆ ತಿಳಿಯದ ಆಸ್ನ

ಬರೆಯುವಾಗ ನನ್ನ ಹಕಾರ ಎಲ್ಲೂ ತಪ್ಪುವುದಿಲ್ಲ. ಹಾಸನ, ಹೊಳೆನರಸೀಪುರ, ಹೋಗು, ಹೇಳು, ಎಲ್ಲವನ್ನೂ ಸರಿಯಾಗಿಯೇ ಬರೆಯುತ್ತೇನೆ. ಬಾಯಿ ತೆರೆದರೆ ಮಾತ್ರ ಆಸ್ನ, ಒಳೆನರ್ಸೀಪುರ. ಚನ್ನರಾಯಪಟ್ಟಣದ ಪಕ್ಕದ ಊರಿನಲ್ಲಿ ಹುಟ್ಟಿ ಅರಕಲಗೂಡಿಗೆ ಸೊಸೆಯಾಗಿ ಬಂದವಳು ನಾನು. ತವರಿನಲ್ಲಾಗಲಿ ಗಂಡನ ಮನೆಯಲ್ಲಾಗಲಿ ಇದನ್ನು ಕೊರತೆ ಎಂದು ಕಂಡವರು ಯಾರೂ ಇರಲಿಲ್ಲ. ಕೊರತೆ ಎಂದು ಮೊದಲು ಹೇಳಿದವರು ನನ್ನನ್ನು ಒಮ್ಮೆಯೂ ಎದುರಿಗೆ ಕಾಣದ ಜನ, ನನ್ನ ವಿಡಿಯೊಗಳ ಕೆಳಗೆ.

ಹೊಳೆನರಸೀಪುರದ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಮೊಬೈಲ್ ಅಂಗಡಿಯಲ್ಲಿ ನಾನು ಕೌಂಟರ್ ನೋಡಿಕೊಳ್ಳುತ್ತೇನೆ. ಮದುವೆಯಾದ ಮೇಲೆ ಸೇರಿದ ಕೆಲಸ. ಗಿರಾಕಿಗಳಲ್ಲಿ ಹೆಂಗಸರು ಬಂದರೆ ನೇರ ನನ್ನ ಮುಂದೆಯೇ ನಿಲ್ಲುತ್ತಾರೆ. "ಅಕ್ಕಾ, ಯಾವ್ದ್ ತಗಳ್ಲಿ, ನೀನೇ ಏಳು" ಎನ್ನುತ್ತಾರೆ. ಒಂದೇ ಮಾತನ್ನು ದಿನವೆಲ್ಲ ಹೇಳಿ ಹೇಳಿ ಗಂಟಲು ಒಣಗುತ್ತಿದ್ದಾಗ, ಇದನ್ನು ಒಮ್ಮೆ ರೆಕಾರ್ಡ್ ಮಾಡಿ ಹಾಕಿದರೆ ಆಗುವುದಿಲ್ಲವೇ ಎನ್ನಿಸಿತು. ಹಾಗೆ ಶುರುವಾದದ್ದು ನನ್ನ ಚಾನೆಲ್. ಅರಕಲಗೂಡಿನ ನಮ್ಮ ಮನೆಯ ಜಗುಲಿಯ ಮೇಲೆ ಕೂತು, ಅಂಗಡಿಗೆ ಹೊಸದಾಗಿ ಬಂದ ಫೋನನ್ನು ಮಾಲೀಕರನ್ನು ಕೇಳಿ ತಂದು, ಅದರ ಒಳ್ಳೆಯದು ಕೆಟ್ಟದ್ದು ಹೇಳುತ್ತಿದ್ದೆ.

ಫೋನ್ ಹಿಡಿದು ಚಿತ್ರೀಕರಿಸುತ್ತಿದ್ದವರು ನನ್ನ ಅತ್ತೆ. ಅವರು ರಾಮನಾಥಪುರದ ಕಡೆಯವರು. ಮದುವೆಗೆ ಮುಂಚೆಯೂ ಆಮೇಲೆಯೂ ಹೊಗೆಸೊಪ್ಪಿನ ಕೆಲಸ ಮಾಡಿದ ಕೈ. ಎಲೆಯನ್ನು ಕಡ್ಡಿಗೆ ಕಟ್ಟುವುದು, ಬೆಂಕಿಯ ಶಾಖದಲ್ಲಿ ಒಣಗಿಸುವ ಬ್ಯಾರನ್ನಿಗೆ ಏರಿಸುವುದು, ಎಲ್ಲ ಮಾಡಿದ್ದಾರೆ. ನಾನು ತಂದ ಅಗ್ಗದ ಸ್ಟ್ಯಾಂಡು ಎರಡನೆಯ ವಿಡಿಯೊಗೇ ಕಾಲು ಮುರಿದುಕೊಂಡು ಬಿದ್ದಾಗ, ಹುರುಳಿಕಾಯಿ ಬಿಡಿಸುತ್ತಿದ್ದ ಅತ್ತೆ ಎದ್ದು ಬಂದು, "ಕೊಡಿಲ್ಲಿ, ನಾನ್ ಇಡ್ಕತೀನಿ" ಎಂದರು. ಹಿಡಿದರೆ ಕೈ ಒಂದಿಷ್ಟೂ ಅಲುಗಲಿಲ್ಲ. ಅಂದಿನಿಂದ ಆ ಕೆಲಸ ಅವರದೇ ಆಯಿತು. ನಡುವೆ ನಾನು ಏನಾದರೂ ತಪ್ಪಿದರೆ ಕ್ಯಾಮೆರಾ ಹಿಂದಿನಿಂದಲೇ "ಅದಲ್ಲ ಕಣಮ್ಮಿ" ಎಂದುಬಿಡುತ್ತಿದ್ದರು. ಜನಕ್ಕೆ ಆ ದನಿ ಇಷ್ಟವಾಯಿತು. ಮುಖ ಕಾಣಿಸದ ಆ ಅಜ್ಜಿ ಯಾರು ಎಂದು ಕೇಳುವವರು ಹೆಚ್ಚಾದರು.

ಇಷ್ಟಪಟ್ಟವರ ಜೊತೆಗೆ ಗೇಲಿ ಮಾಡುವವರೂ ಬಂದರು. "ಮೊದಲು ಹ ಕಲಿ, ಆಮೇಲೆ ಫೋನ್ ಬಗ್ಗೆ ಮಾತಾಡು." "ಇದು ಯಾವ ಭಾಷೆ?" ಮೊದಮೊದಲು ಒಂದೊಂದನ್ನೂ ಎರಡೆರಡು ಸಲ ಓದುತ್ತಿದ್ದೆ. ಒಂದು ವಿಡಿಯೊದಲ್ಲಿ ಪ್ರಯತ್ನಪಟ್ಟು ಎಲ್ಲ ಹಕಾರಗಳನ್ನೂ ಉಸಿರು ಎಳೆದು ಉಚ್ಚರಿಸಿದೆ. ಅತ್ತೆ ಅರ್ಧಕ್ಕೇ ಫೋನ್ ಇಳಿಸಿಬಿಟ್ಟರು.

"ಏನಾಯ್ತು ಅತ್ತೆ?"

"ನೆಗಡಿ ಆಗೈತಾ ನಿಂಗೆ? ಬರೀ ಉಸ್ ಉಸ್ ಅಂತಿದ್ದೀಯ."

ನಗು ತಡೆಯಲಾಗಲಿಲ್ಲ. ಆ ವಿಡಿಯೊ ಅಳಿಸಿದೆ.

ಈಗ ಒಂದು ದುಬಾರಿ ಫೋನಿನ ವಿಷಯಕ್ಕೆ ಬರುತ್ತೇನೆ. ಹೆಸರು ಹೇಳುವುದಿಲ್ಲ. ಕಂಪನಿಯವರ ಆ ವರ್ಷದ ಎಲ್ಲಕ್ಕಿಂತ ದೊಡ್ಡ ಮಾಡೆಲ್ ಅದು, ಬೆಲೆ ಲಕ್ಷ ದಾಟುತ್ತಿತ್ತು. ಘೋಷಣೆಯಾದ ದಿನ ಅಂಗಡಿಯಲ್ಲಿ ನಾವೆಲ್ಲ ಕೆಲಸ ಬಿಟ್ಟು ಆ ಕಾರ್ಯಕ್ರಮವನ್ನೇ ಆನ್‌ಲೈನಿನಲ್ಲಿ ನೋಡಿದೆವು. ಆ ವೇದಿಕೆಯ ಮೇಲೆ ಒಬ್ಬರು ಇಂಗ್ಲಿಷಿನಲ್ಲಿ, ಈ ಫೋನು ಇನ್ನು ಮುಂದೆ ಭಾರತದ ಭಾಷೆಗಳನ್ನೆಲ್ಲ ಕೇಳಿ ತಿಳಿದುಕೊಳ್ಳುತ್ತದೆ ಎಂದರು. ತೆರೆಯ ಮೇಲೆ ಹಾದುಹೋದ ಲಿಪಿಗಳಲ್ಲಿ ಕನ್ನಡವೂ ಇತ್ತು. ಸುಳ್ಳೇಕೆ, ನನಗೆ ಹಿಗ್ಗಾಯಿತು.

ಕೆಲವು ದಿನಗಳ ಮೇಲೆ ಬೆಂಗಳೂರಿನಿಂದ ಫೋನ್ ಬಂತು. ಹಾಸನದ ಒಂದು ಹೋಟೆಲಿನ ಹಾಲಿನಲ್ಲಿ ಜಿಲ್ಲೆಯ ಚಾನೆಲ್‌ನವರಿಗೆಲ್ಲ ಆ ಫೋನನ್ನು ಮಾರಾಟಕ್ಕೆ ಬರುವ ಮುಂಚೆಯೇ ತೋರಿಸುತ್ತಾರೆ, ನೀವೂ ಬರಬೇಕು ಎಂದರು ಪ್ರಚಾರದ ಕೆಲಸ ನೋಡಿಕೊಳ್ಳುವವರು. ಮಾತು ಬಹಳ ಮೆತ್ತಗೆ. ಕೊನೆಗೆ ಇನ್ನೂ ಮೆತ್ತಗೆ ಮಾಡಿಕೊಂಡು, "ಮೇಡಂ, ತಪ್ಪು ತಿಳ್ಕೋಬೇಡಿ, ಅವತ್ತು ಸ್ವಲ್ಪ ಕ್ಲೀನ್ ಕನ್ನಡದಲ್ಲಿ ಮಾತಾಡಿದ್ರೆ ಚೆನ್ನಾಗಿರುತ್ತೆ" ಎಂದರು.

ಸರಿ ಸಾರ್ ಎಂದುಬಿಟ್ಟೆ. ಹೋಗಬೇಕೆಂಬ ಆಸೆ ಅಷ್ಟಿತ್ತು.

ಕ್ಯಾಮೆರಾ ಹಿಡಿಯುವವರನ್ನು ಒಬ್ಬರನ್ನು ಕರೆತರಬಹುದು ಎಂದಿದ್ದರು. ಅತ್ತೆ ಹಸಿರು ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿ, ಮದುವೆಗೆ ಹೊರಟವರ ಹಾಗೆ ಬಸ್ ಹತ್ತಿದರು. ಗೊರೂರು ದಾಟುವವರೆಗೂ ನಾನು ಕಿಟಕಿಯ ಕಡೆ ಮುಖ ಮಾಡಿ, ತುಟಿಯೊಳಗೇ ಹಾಸನ, ಹವಾಮಾನ, ಹೇಗಿದೆ ಎಂದು ಅಭ್ಯಾಸ ಮಾಡುತ್ತಿದ್ದೆ. ಅತ್ತೆಗೆ ಅದು ತಿಳಿಯದೇ ಇರಲಿಲ್ಲ. ಮಡಿಲಿನಿಂದ ಹುರಿಗಡಲೆ ತೆಗೆದು ನನ್ನ ಕೈಗೆ ಹಾಕಿದರು. ಬಾಯಲ್ಲಿ ಕಡಲೆ ಇದ್ದರೆ ಹಕಾರ ಹೇಳುವುದು ಸಾಧ್ಯವಿಲ್ಲ.

ಹಾಲಿನಲ್ಲಿ ತಣ್ಣಗೆ ಎಸಿ ಹಾಕಿದ್ದರು. ಉದ್ದಕ್ಕೆ ಮೇಜು, ಅದರ ಮೇಲೆ ಕಪ್ಪು ಬಟ್ಟೆ, ಅದರ ಮೇಲೆ ಫೋನುಗಳು. ಬಂದವರಲ್ಲಿ ಹೆಂಗಸರು ನಾವಿಬ್ಬರೇ. ನನ್ನ ಸರದಿ ಬಂದು ಫೋನನ್ನು ಕೈಗೆ ತೆಗೆದುಕೊಂಡ ಆ ಗಳಿಗೆಯನ್ನು ಮರೆತಿಲ್ಲ. ಬಾವಿಯಿಂದ ಆಗಷ್ಟೇ ಎತ್ತಿದ ಚೊಂಬಿನ ಹಾಗೆ ತಣ್ಣಗಿತ್ತು. ಕೈಯಲ್ಲಿ ಭಾರ ತಿಳಿಯುತ್ತಿತ್ತು, ಆದರೆ ಆ ಭಾರ ಸರಿಯಾಗಿ ಅಂಗೈ ನಡುವೆ ಕೂರುತ್ತಿತ್ತು. ಅಂಚುಗಳನ್ನು ಎಷ್ಟು ನಯವಾಗಿ ತಿರುವಿದ್ದರೆಂದರೆ, ಗಾಜು ಎಲ್ಲಿ ಮುಗಿದು ಲೋಹ ಎಲ್ಲಿ ಶುರುವಾಯಿತು ಎಂದು ಬೆರಳಿಗೆ ಗೊತ್ತಾಗಲಿಲ್ಲ. ತೆರೆಯ ಮೇಲೆ ಬೆರಳು ಸರಿಸಿದರೆ ಎಲ್ಲೂ ತಡೆಯಿಲ್ಲ. ಕಿಟಕಿಯಿಂದ ರಸ್ತೆಯಾಚೆಯ ಅಂಗಡಿಯ ಬೋರ್ಡನ್ನು ಹತ್ತಿರಕ್ಕೆ ಎಳೆದೆ. ಬರೀ ಕಣ್ಣಿಗೆ ಚುಕ್ಕಿಗಳಂತಿದ್ದ ಅಕ್ಷರಗಳು ಎದ್ದು ನಿಂತವು. ಇಷ್ಟು ವರ್ಷ ಕೌಂಟರಿನಲ್ಲಿ ನಿಂತು ಎಷ್ಟೋ ಫೋನು ಕಂಡಿದ್ದೇನೆ. ಇಂಥದ್ದನ್ನು ಕಂಡಿರಲಿಲ್ಲ. ಅದನ್ನೆಲ್ಲ ಹಾಗೆಯೇ ಹೇಳಿದೆ, ಅತ್ತೆ ನಮ್ಮ ಹಳೆಯ ಫೋನಿನಲ್ಲಿ ಅದನ್ನು ರೆಕಾರ್ಡ್ ಮಾಡುತ್ತಿದ್ದರು.

"ಮನುಷ್ಯರ ಫೋಟೊ ಹೇಗೆ ಬರುತ್ತೆ ನೋಡೋಣ" ಎಂದು ಕಷ್ಟಪಟ್ಟು ಹಕಾರ ಹಾಕಿ ಹೇಳಿ, ಅತ್ತೆಯ ಕಡೆಗೇ ತಿರುಗಿಸಿ ಒಂದು ಚಿತ್ರ ತೆಗೆದೆ.

ತೆರೆಯ ಮೇಲೆ ಬಂದ ಹೆಂಗಸು ಚೆಲುವೆಯಾಗಿದ್ದಳು. ಹಾಲಿಗೆ ಒಂದು ಚಿಟಿಕೆ ಅರಿಸಿನ ಹಾಕಿದ ಬಣ್ಣ. ಹಣೆ ನುಣ್ಣಗೆ, ಕೆನ್ನೆ ನುಣ್ಣಗೆ. ಅತ್ತೆ ಹತ್ತಿರ ಬಂದು ಬಗ್ಗಿ ನೋಡಿದರು.

"ಯಾರಿವ್ಳು?"

"ನೀವೇ ಅತ್ತೆ."

"ನಾನಾ? ಸುಮ್ಕಿರು. ನನ್ ಬಣ್ಣ ಎಲ್ಲೋಯ್ತು?"

ಪಕ್ಕದಲ್ಲಿ ನಿಂತಿದ್ದ ಕಂಪನಿಯ ಹುಡುಗಿ ನಗುತ್ತಾ, "ಅಮ್ಮಾ, ಫೋನು ನಿಮ್ಮನ್ನ ಇನ್ನೂ ಚೆನ್ನಾಗಿ ಕಾಣೋ ಹಾಗೆ ಮಾಡುತ್ತೆ" ಎಂದಳು.

"ನಾನ್ ಚೆನ್ನಾಗಿಲ್ಲ ಅಂತ ಇದ್ಕೆ ಯಾರವ್ವ ಏಳಿದ್ದು?" ಎಂದರು ಅತ್ತೆ. ಜಗಳದ ದನಿಯಲ್ಲ. ನಿಜವಾಗಿ ತಿಳಿಯಬೇಕಿತ್ತು ಅವರಿಗೆ. ಆ ಹುಡುಗಿ ಮೇಜಿನ ಮೇಲಿನ ಫೋನುಗಳನ್ನು ಸಾಲಿಗೆ ಜೋಡಿಸತೊಡಗಿದಳು. ಅವಳೂ ನಮ್ಮ ಹಾಗೆ ಕಪ್ಪಗೇ ಇದ್ದಳು, ಮುಖಕ್ಕೆ ದಪ್ಪಗೆ ಪೌಡರ್ ಬಳಿದುಕೊಂಡಿದ್ದಳು. ನಾನು ಸೆಟಿಂಗ್ಸ್ ತೆಗೆದು ಅಂದ ಹೆಚ್ಚಿಸುವುದನ್ನೆಲ್ಲ ನಿಲ್ಲಿಸಿ ಮತ್ತೆ ತೆಗೆದೆ. ಸ್ವಲ್ಪ ಇಳಿಯಿತು, ಪೂರ್ತಿ ಹೋಗಲಿಲ್ಲ. ಅದನ್ನೂ ವಿಡಿಯೊದಲ್ಲಿ ಹೇಳಿದೆ. ಹೇಳುವಾಗ ನನಗೇ ಅರಿವಿಲ್ಲದೆ ಹಕಾರ ಬಿಟ್ಟುಹೋಗಿತ್ತು. ಕೋಪ ಬಂದಾಗ ನನಗೆ ಎರವಲು ಮಾತು ಬಾಯಿಗೆ ಬರುವುದಿಲ್ಲ.

ಆಮೇಲೆ ವೇದಿಕೆಯ ಕಾರ್ಯಕ್ರಮ. ಒಬ್ಬೊಬ್ಬರನ್ನೇ ಕರೆದು, ಫೋನಿನ ಜೊತೆ ಕನ್ನಡದಲ್ಲಿ ಮಾತಾಡಿಸುವುದು, ಹಿಂದಿನ ದೊಡ್ಡ ಪರದೆಯ ಮೇಲೆ ಉತ್ತರ ಮೂಡುವುದು. ಏನು ಕೇಳಬೇಕೆಂದು ಮೊದಲೇ ಅಚ್ಚು ಹಾಕಿದ ಚೀಟಿ ಕೊಟ್ಟಿದ್ದರು. ನನಗಿಂತ ಮುಂಚೆ ಹೋದವನು ಚನ್ನರಾಯಪಟ್ಟಣದವನು, ಟ್ರ್ಯಾಕ್ಟರು ಬೈಕುಗಳ ಬಗ್ಗೆ ಚಾನೆಲ್ ಮಾಡುವವನು. ಕೆಳಗೆ ಕಾಫಿ ಕುಡಿಯುವಾಗ ನನ್ನ ಜೊತೆ "ಎಂಗಕ್ಕಾ, ಚೆನ್ನಾಗಿದ್ದೀಯಾ" ಎಂದು ಮಾತಾಡಿದ್ದವನು ಮೇಲೆ ಹತ್ತಿದ ಕೂಡಲೇ "ನಮಸ್ಕಾರ, ಇಂದಿನ ಹವಾಮಾನ ಹೇಗಿದೆ?" ಎಂದು ವಾರ್ತೆ ಓದುವವರ ಹಾಗೆ ಕೇಳಿದ. ಫೋನು ಚಾಚೂ ತಪ್ಪದೆ ಉತ್ತರಿಸಿತು. ಚಪ್ಪಾಳೆ ಬಿತ್ತು.

ನನ್ನನ್ನು ಕರೆದರು. ಚೀಟಿ ಕೈಯಲ್ಲಿತ್ತು. ಬಸ್ಸಿನಲ್ಲಿ ಅಭ್ಯಾಸ ಮಾಡಿದ್ದೂ ಇತ್ತು. ಮೈಕಿನ ಮುಂದೆ ನಿಂತು ಕೆಳಗೆ ನೋಡಿದರೆ, ಮುಂದಿನ ಸಾಲಿನಲ್ಲಿ ಅತ್ತೆ ನನ್ನ ಕಡೆ ಫೋನ್ ಹಿಡಿದು ನಿಂತಿದ್ದಾರೆ. ನಾನು ನಿತ್ಯ ಮಾತಾಡುವುದು ಆ ಕ್ಯಾಮೆರಾದ ಹಿಂದಿನ ಆ ಮುಖದ ಜೊತೆ. ಅದರ ಮುಂದೆ ವಾರ್ತೆ ಓದಲು ನಾಲಿಗೆ ಏಳಲಿಲ್ಲ. ಚೀಟಿ ಮಡಚಿ, ನಿತ್ಯವೂ ಯಾರಾದರೂ ಯಾರನ್ನಾದರೂ ಕೇಳುವ ಮಾತು ಕೇಳಿದೆ:

"ಅರಕಲಗೂಡಿಂದ ಆಸ್ನಕ್ಕೆ ಓಗೋ ಬಸ್ಸು ಎಷ್ಟೊತ್ಗೆ ಬತ್ತದೆ?"

ಫೋನು ಒಂದು ಗಳಿಗೆ ಯೋಚಿಸಿತು. ಪರದೆಯ ಮೇಲೆ ಸುತ್ತುವ ಬೆಳಕು. ನಂತರ ಇಂಪಾದ ಹೆಣ್ಣುದನಿಯೊಂದು, "ಆಸನಗಳ ಬಗ್ಗೆ ಮಾಹಿತಿ ಇಲ್ಲಿದೆ" ಎಂದು, ದೊಡ್ಡ ಪರದೆಯ ತುಂಬ ಯೋಗಾಸನದ ಚಿತ್ರಗಳನ್ನು ಹರಡಿತು. ತಲೆ ಕೆಳಗೆ ಕಾಲು ಮೇಲೆ ಮಾಡಿ ನಿಂತವರು, ಹೊಟ್ಟೆಯ ಮೇಲೆ ಬಿಲ್ಲಿನಂತೆ ಬಾಗಿದವರು.

ಹಾಲಿಗೆ ಹಾಲೇ ನಕ್ಕಿತು. ಇವರು ನಗುತ್ತಿರುವುದು ಫೋನನ್ನೋ ನನ್ನನ್ನೋ ಎಂದು ತಿಳಿಯಲಿಲ್ಲ. ಪ್ರಚಾರದವರು ಬಂದು ಮೈಕ್ ಹಿಡಿದು, "ಪರವಾಗಿಲ್ಲ, ಪರವಾಗಿಲ್ಲ. ಮೇಡಂ ಟೆನ್ಷನ್‌ನಲ್ಲಿದ್ದಾರೆ. ಮೇಡಂ, ಇನ್ನೊಂದ್ ಸಲ, ಹಾ-ಸ-ನ, ಹೋ-ಗು-ವ, ಬಿಡಿಸಿ ಹೇಳಿ" ಎಂದು ಮಕ್ಕಳಿಗೆ ಅಕ್ಷರ ತಿದ್ದಿಸುವ ಹಾಗೆ ಹೇಳಿದರು. ನಗು ಇನ್ನೊಂದು ಅಲೆ ಎದ್ದಿತು. ಈಗ ಅದು ಯಾರನ್ನು ಕುರಿತದ್ದು ಎಂದು ಸ್ಪಷ್ಟವಾಗಿತ್ತು.

"ಇಲ್ಲ ಸಾ. ನಾನ್ ಇನ್ನೊಂದ್ ಸಲ ಏಳಲ್ಲ" ಎಂದೆ.

ಅವರಿಗೆ ಅರ್ಥವಾಗಲಿಲ್ಲ. "ಹೆದರ್ಕೋಬೇಡಿ ಮೇಡಂ..."

"ಎದ್ರಿಕೆ ಇಲ್ಲ ಸಾ. ನಾನ್ ಕೇಳಿದ್ದು ಸರಿಯಾಗೇ ಐತೆ. ಇಲ್ಲಿರೋರಲ್ಲಿ ಯಾರ್ಗಾದ್ರೂ ನನ್ ಮಾತು ಅರ್ಥ ಆಗಿಲ್ವಾ? ಎಲ್ರಿಗೂ ಆಗೈತೆ. ಆಗದೆ ಇರೋದು ಇದೊಂದಕ್ಕೆ. ಕನ್ನಡ ಬತ್ತದೆ ಅಂದೋರು ನೀವು. ನಮ್ ಕನ್ನಡ ಬರಲ್ಲ ಅಂತ ಇದ್ರೆ ಅದನ್ನೂ ಏಳ್ಬುಡಿ, ತಪ್ಪಿಲ್ಲ. ನನ್ನ ತಿದ್ದಬ್ಯಾಡಿ."

ನಾನು ಅಷ್ಟು ಮಾತಾಡಿದೆ ಎಂದು ನನಗೆ ತಿಳಿದದ್ದು ಆಮೇಲೆ, ವಿಡಿಯೊ ನೋಡಿದಾಗ. ಆಗ ನೆನಪಿದ್ದದ್ದು ಮೈಕಿನ ತಣ್ಣನೆಯ ಕಡ್ಡಿ ಮತ್ತು ನಿಂತುಹೋದ ನಗು. ಪ್ರಚಾರದವರ ಮುಖ ಸಣ್ಣದಾಯಿತು. ಅವರು ಕೆಟ್ಟವರಲ್ಲ, ಪಾಪ, ಕಾರ್ಯಕ್ರಮ ಚೆನ್ನಾಗಿ ಆಗಬೇಕೆಂದು ಬೆಳಗಿನಿಂದ ಓಡಾಡಿದ್ದರು. ಅತ್ತೆಯ ಕಡೆ ತಿರುಗಿ, "ಅಮ್ಮಾ, ಅದನ್ನ ಸ್ವಲ್ಪ ಆಫ್ ಮಾಡಿ" ಎಂದರು.

ಅತ್ತೆ ಕೈ ಇಳಿಸಲಿಲ್ಲ. "ನನ್ ಸೊಸೆ ಏಳ್ಲಿ, ಮಾಡ್ತೀನಿ."

ನಾನು ಹೇಳಲಿಲ್ಲ.

ವಿಡಿಯೊವನ್ನು ಇದ್ದದ್ದು ಇದ್ದ ಹಾಗೆ ಹಾಕಿದೆ. ಕೈಗೆ ತಣ್ಣಗೆ ಕೂತದ್ದು, ದೂರದ ಬೋರ್ಡು ಹತ್ತಿರ ಬಂದದ್ದು, ಅತ್ತೆಯ ಬಣ್ಣ ಹೋದದ್ದು, ಆಸ್ನಕ್ಕೆ ಬಸ್ಸು ಕೇಳಿದರೆ ಶೀರ್ಷಾಸನ ಬಂದದ್ದು, ಎಲ್ಲ. ಒಳ್ಳೆಯದನ್ನು ಮುಚ್ಚಿಡಲಿಲ್ಲ, ಕೆಟ್ಟದ್ದನ್ನು ಉಬ್ಬಿಸಲಿಲ್ಲ. ಅದು ನನ್ನ ಬೇರೆ ಯಾವ ವಿಡಿಯೊಗಿಂತಲೂ ಹೆಚ್ಚು ಓಡಿತು. ಬೈದವರೂ ಹೆಚ್ಚು. ಆದರೆ ಆ ಸಲ ಬೈದವರಿಗೆ ಉತ್ತರ ಕೊಡಲು ನಾನು ಬೇಕಾಗಲಿಲ್ಲ. ಗೊತ್ತಿಲ್ಲದ ಜನ "ನಾವೂ ಆಸ್ನದೋರೇ ಕಣ್ಲಾ, ಏನೀಗ?" ಎಂದು ಬರೆದರು.

ಎರಡು ದಿನ ಕಳೆದ ಮೇಲೆ ಅಂಗಡಿಯ ಮಾಲೀಕರು ನನ್ನನ್ನು ಒಳಗೆ ಕರೆದರು. ಅವರದು ತಲೆಮಾರುಗಳಿಂದ ಹೊಳೆನರಸೀಪುರದಲ್ಲಿ ವ್ಯಾಪಾರ ಮಾಡಿಕೊಂಡು ಬಂದ ಮನೆತನ. ಹಣೆಯ ಮೇಲೆ ವಿಭೂತಿ. ಅವರ ಬಾಯಲ್ಲಿ ಗಟ್ಟಿ ಮಾತು ಬಂದದ್ದನ್ನು ನಾನು ಕೇಳಿಯೇ ಇರಲಿಲ್ಲ.

"ನಮ್ಗೆ ಮಾಲು ಕಳ್ಸೋ ಏಜೆನ್ಸಿಯೋರು ಫೋನ್ ಮಾಡಿದ್ರು ಕಣಮ್ಮ. ನಿನ್ ವಿಡಿಯೊದಲ್ಲಿ ಆ ಸ್ಟೇಜಿಂದಷ್ಟು ಕತ್ತರಿಸಿ ತೆಗೀಬೇಕಂತೆ. ಇಲ್ದಿದ್ರೆ ಆ ಮಾಡೆಲ್ ನಮ್ ಅಂಗ್ಡಿಗೆ ಕೊಡೋದು ಲೇಟ್ ಆಯ್ತದೆ ಅಂತಿದ್ದಾರೆ."

ಕೆಲಸ ಹೋಗಬಹುದು ಎಂದು ಮೊದಲ ಬಾರಿಗೆ ಅನ್ನಿಸಿತು. ನನ್ನ ಗಂಡ ಮೋಟಾರು ಪಂಪು ರಿಪೇರಿ ಮಾಡುವವರು; ಮನೆ ನಡೆಯುವುದು ಇಬ್ಬರ ದುಡಿಮೆಯಿಂದ. ಆದರೂ ಬಾಯಿಗೆ ಬಂದದ್ದು ಒಂದೇ.

"ಅದ್ರಲ್ಲಿ ಸುಳ್ ಏನಾದ್ರೂ ಐತಾ ಸಾ? ಐತೆ ಅನ್ನಿ, ಈಗ್ಲೇ ತೆಗೀತೀನಿ."

ಅವರು ತಮ್ಮ ಫೋನಿನಲ್ಲಿ ವಿಡಿಯೊದ ಆ ಭಾಗವನ್ನು ಇನ್ನೊಮ್ಮೆ ಹಾಕಿ ನೋಡಿದರು. "ಸುಳ್ಳೇನಿಲ್ಲ" ಎಂದರು ಕೊನೆಗೆ.

"ಅಂಗಿದ್ರೆ ತೆಗಿಯಲ್ಲ. ನಿಮ್ಗೆ ತೊಂದ್ರೆ ಆಯ್ತದೆ ಅಂದ್ರೆ ನಾನ್ ಕೆಲ್ಸ ಬಿಡ್ತೀನಿ."

"ಬಿಡು ಅಂತ ಯಾರ್ ಅಂದ್ರಮ್ಮ ಈಗ? ಓಗು, ಕೌಂಟರಲ್ಲಿ ಜನ ನಿಂತವ್ರೆ."

ಏಜೆನ್ಸಿಯವರು ಮಾತಿಗೆ ತಪ್ಪಲಿಲ್ಲ. ಆ ಫೋನು ಹಾಸನದ ಅಂಗಡಿಗಳಿಗೆ ಬಂದು ಎಷ್ಟೋ ದಿನವಾದರೂ ನಮ್ಮ ಕಪಾಟಿಗೆ ಬರಲಿಲ್ಲ. ಕೇಳಿ ಬಂದ ಗಿರಾಕಿಗಳನ್ನು ಬೇರೆ ಕಡೆ ಕಳಿಸುವಾಗ ಮಾಲೀಕರ ಮುಖ ನೋಡಲು ಕಷ್ಟವಾಗುತ್ತಿತ್ತು. ಅವರು ಒಂದು ದಿನವೂ ಅದನ್ನೆತ್ತಿ ಆಡಲಿಲ್ಲ. ನನಗೆ ಆಮೇಲೆ ಯಾವ ಕಂಪನಿಯ ಕಾರ್ಯಕ್ರಮಕ್ಕೂ ಕರೆ ಬಂದಿಲ್ಲ. ಬರಲಿ ಎಂದು ಕಾಯುವುದನ್ನೂ ಬಿಟ್ಟೆ. ಗಿರಾಕಿಗಳೇ ತಾವು ಕೊಂಡ ಫೋನು ತಂದು, "ಅಕ್ಕಾ, ಇದುನ್ನೂ ಒಸಿ ನೋಡಿ ಏಳು" ಎಂದು ಕೊಡುತ್ತಾರೆ. ಅಷ್ಟು ಸಾಕು.

ಈಚೆಗೆ ಒಂದು ಮಧ್ಯಾಹ್ನ ಇನ್ನೊಂದು ಕರೆ ಬಂತು. ಈ ಸಲ ಪ್ರಚಾರದವರಲ್ಲ, ಫೋನಿಗೆ ಮಾತು ಕಲಿಸುವ ಕೆಲಸ ಮಾಡುವ ಬೆಂಗಳೂರಿನ ಒಂದು ಕಂಪನಿಯಿಂದ. ನಿಮ್ಮ ವಿಡಿಯೊ ನೋಡಿದೆವು, ನಿಮ್ಮ ಕಡೆಯ ಹಿರಿಯರ ದನಿಗಳು ನಮಗೆ ಬೇಕು, ವಾಕ್ಯಗಳನ್ನು ಕಳಿಸುತ್ತೇವೆ, ಓದಿಸಿ ರೆಕಾರ್ಡ್ ಮಾಡಿ ಕಳಿಸಿ ಎಂದು ಆ ಹೆಂಗಸು ಗೌರವದಿಂದಲೇ ಕೇಳಿದರು. ಒಪ್ಪಿಕೊಂಡೆ. ಸಂಜೆ ಜಗುಲಿಯ ಮೇಲೆ ಅತ್ತೆಯನ್ನು ಕೂರಿಸಿ, ಅವರಿಗೆ ಅಕ್ಷರ ಅಷ್ಟಾಗಿ ಬರದ ಕಾರಣ ನಾನೇ ಮೊದಲ ವಾಕ್ಯ ಓದಿ ಹೇಳಿದೆ: "ದಯವಿಟ್ಟು ಮಲಗುವ ಕೋಣೆಯ ದೀಪವನ್ನು ಆರಿಸಿ."

ಅತ್ತೆ ಮುಖ ಆಚೆ ತಿರುಗಿಸಿದರು.

"ಏಳಿ ಅತ್ತೆ."

"ಏಳಲ್ಲ. ಲೈಟ್ ಆರ್ಸು ಅಂತೀವಿ. ದೀಪ ಆರ್ಸು ಅಂತ ಮುಸ್ಸಂಜೆ ಒತ್ನಲ್ಲಿ ಯಾರಾದ್ರೂ ಬಾಯಲ್ಲಿ ಆಡ್ತಾರಾ? ಅಂಥ ಮಾತ ನನ್ ದನೀಲಿ ಇಡ್ದಿಟ್ಕಂಡು ಊರೂರ್ಗೆ ಕೇಳುಸ್ತಾರಾ ಅವ್ರು?"

ಉಳಿದ ವಾಕ್ಯಗಳನ್ನು ನೋಡಿದೆ. ಎಲ್ಲವೂ ಅದೇ ಜಾತಿ. ಬೆಂಗಳೂರಿನ ಹೆಂಗಸಿಗೆ ಫೋನ್ ಮಾಡಿ, ನಿಮ್ಮ ವಾಕ್ಯ ನಮ್ಮ ಬಾಯಿಗೆ ಬರುವುದಿಲ್ಲ, ನಾವು ಆಡುವುದನ್ನೇ ಆಡುತ್ತೇವೆ, ಬೇಕಿದ್ದರೆ ಅದನ್ನು ತೆಗೆದುಕೊಳ್ಳಿ ಎಂದೆ. ಅವರು ಮೇಲಿನವರನ್ನು ಕೇಳಿ ಹೇಳುತ್ತೇನೆ ಎಂದರು. ಇನ್ನೂ ಹೇಳಿಲ್ಲ.

ಅತ್ತೆ ಮಾತ್ರ ಅಂದು ಸುಮ್ಮನೆ ಎದ್ದುಹೋಗಲಿಲ್ಲ. ಕೂತದ್ದು ಕೂತಾಯಿತು ಎಂದು, ಎದುರು ಮನೆಯವರ ಹಸು ಕರು ಹಾಕಿದ್ದರಿಂದ ಹಿಡಿದು, ಬ್ಯಾರನ್ನಿನ ಬೆಂಕಿ ಕಾಯುವಾಗ ರಾಮನಾಥಪುರದ ಹೆಂಗಸರು ಏನೇನು ಮಾತಾಡುತ್ತಿದ್ದರು ಎನ್ನುವವರೆಗೆ, ತಮಗೆ ತೋಚಿದ್ದನ್ನೆಲ್ಲ ಹೇಳಿದರು. ಅಷ್ಟನ್ನೂ ನಾನು ರೆಕಾರ್ಡ್ ಮಾಡಿಕೊಂಡೆ. ಆ ಸಲ ಫೋನ್ ಹಿಡಿದವಳು ನಾನು. ನಗು ತಡೆಯಲಾರದೆ ವಿಡಿಯೊದ ಉದ್ದಕ್ಕೂ ನನ್ನ ಕೈ ಅಲುಗಿದೆ.